ಬೊರಿವಲಿಯ ಗುಹೆಯಲ್ಲಿದೆ ಮಳಖೇಡದ ದೊರೆಯ ಹೆಸರು!

ಮುಂಬೈ ಪ್ರವಾಸವೆಂದರೆ ಗೇಟ್‌ವೇ, ಮರೀನ್ ಡ್ರೈವ್ ಮಾತ್ರವಲ್ಲ. ಕನ್ನಡಿಗರು ಬೊರಿವಲಿಗೂ ಒಂದು ದಿನ ಮೀಸಲಿಡಬೇಕು. ಇಲ್ಲಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಬಂಡೆ ಕೊರೆದು ನಿರ್ಮಿಸಿದ 100ಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅವೇ ಕಾನ್ಹೇರಿ ಗುಹೆಗಳು.

3ನೇ ಗುಹೆಯ ಚೈತ್ಯಾಲಯ, ಎತ್ತರದ ಬುದ್ಧ ವಿಗ್ರಹಗಳನ್ನು ನೋಡಿ ಹಿಂತಿರುಗುವವರೇ ಹೆಚ್ಚು. ಆದರೆ 11ನೇ ಗುಹೆಯನ್ನು ಮರೆಯಬೇಡಿ. ‘ದರ್ಬಾರ್’ ಎಂದು ಕರೆಯುವ ಇಲ್ಲಿನ 9ನೇ ಶತಮಾನದ ಸಂಸ್ಕೃತ ದಾನಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ.

ಅಮೋಘವರ್ಷನ ರಾಜಧಾನಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆತನ ಹೆಸರು ಇಲ್ಲಿಗೆ ಬಂದದ್ದು ಹೇಗೆ? ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಆತನ ಸಾಮಂತರು. ದೊರೆಗೆ ಜೈನ ಧರ್ಮದತ್ತ ಒಲವಿದ್ದರೂ ಆತನ ಆಳ್ವಿಕೆಯಲ್ಲಿ ಬೌದ್ಧ ವಿಹಾರಕ್ಕೆ ದಾನ ಸಿಗುತ್ತಿತ್ತು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ.

ನೆನಪಿಡಿ: ಸೋಮವಾರ ರಜೆ. ಮೆಟ್ಟಿಲು ಹತ್ತಬೇಕು, ಕುಡಿಯುವ ನೀರು ಜೊತೆಗಿರಲಿ.