ಪುಕ್ಕಟೆ ಬೇರೆ, ಮುಕ್ತ ಬೇರೆ: ನಿಮ್ಮ ಗೇಮ್, ನಿಮ್ಮ ಚಿತ್ರ ಯಾರ ಕೈಯಲ್ಲಿದೆ?

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಮಾತಾಡೋದು ಒಂದು ಚಿಕ್ಕ ಪದದ ಬಗ್ಗೆ: ಫ್ರೀ. ಫ್ರೀ ಗೇಮ್, ಫ್ರೀ ಆ್ಯಪ್, ಫ್ರೀ ಸಾಫ್ಟ್‌ವೇರ್ ಅಂತ ದಿನಕ್ಕೆ ಹತ್ತು ಸಲ ಹೇಳ್ತೀವಿ. ಆದರೆ ಎಲ್ಲ ಕಡೆ ಅದಕ್ಕೆ ಒಂದೇ ಅರ್ಥ ಇಲ್ಲ. ಇಂಗ್ಲಿಷಿನವರಿಗೆ ಎರಡು ಅರ್ಥಕ್ಕೂ ಒಂದೇ ಪದ ಇರೋದರಿಂದ ಗೊಂದಲ ತಪ್ಪಿದ್ದಲ್ಲ. ನಮಗೆ ಆ ತಾಪತ್ರಯ ಇಲ್ಲ, ಕನ್ನಡದಲ್ಲಿ ಎರಡು ಪದ ಇವೆ. ಪುಕ್ಕಟೆ ಅಂದ್ರೆ ದುಡ್ಡು ಕೊಡಬೇಕಿಲ್ಲ. ಮುಕ್ತ ಅಂದ್ರೆ ಕಟ್ಟುಪಾಡಿಲ್ಲ. ಗೇಮ್ ಆಡೋರು, ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸೋರು ಈ ವ್ಯತ್ಯಾಸ ತಿಳ್ಕೊಂಡಿದ್ರೆ ಮುಂದೆ ಒಂದು ದಿನ ತಲೆ ಮೇಲೆ ಕೈ ಹೊತ್ತು ಕೂರೋದು ತಪ್ಪುತ್ತೆ.

ಪುಕ್ಕಟೆ ಗೇಮ್‌ನ ಲೆಕ್ಕ

2020ರ ಸೆಪ್ಟೆಂಬರ್ 2 ನೆನಪಿದೆಯಾ? ಪಬ್‌ಜಿ ಮೊಬೈಲ್ ಅನ್ನು ಕೇಂದ್ರ ಸರ್ಕಾರ ನಿಷೇಧಿಸಿದ ದಿನ. ಡೌನ್‌ಲೋಡ್ ಮಾಡೋಕೆ ಒಂದು ರೂಪಾಯಿ ಬೇಡದ ಗೇಮ್ ಅದು. ಆದರೆ ಸ್ಕಿನ್, ರಾಯಲ್ ಪಾಸ್ ಅಂತ ಪಾಕೆಟ್ ಮನಿ ಸುರಿದವರು ಎಷ್ಟು ಜನ! ಅಕ್ಟೋಬರ್ ಕೊನೆಗೆ ಸರ್ವರ್ ಕೂಡ ನಿಂತಿತು. ಮುಂದಿನ ವರ್ಷ ಬಿಜಿಎಂಐ ಹೆಸರಲ್ಲಿ ವಾಪಸ್ ಬಂದಾಗ ಹಳೆ ಖಾತೆಯ ಸಾಮಾನು ತಂದುಕೊಳ್ಳೋಕೆ ಅವಕಾಶ ಕೊಟ್ಟರು, ನಿಜ. ಆದರೆ ಕೊಡೋದು ಬಿಡೋದು ಆಟಗಾರರ ಕೈಯಲ್ಲಿ ಇರಲಿಲ್ಲ ಅನ್ನೋದನ್ನು ಗಮನಿಸಿ.

ದುಡ್ಡು ಕೊಟ್ಟು ಕೊಂಡ ಗೇಮ್ ಆದರೆ ಸುರಕ್ಷಿತ ಅಂತೀರಾ? ಯುಬಿಸಾಫ್ಟ್ ಕಂಪನಿಯ ‘ದ ಕ್ರೂ’ ಅನ್ನೋ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಒಬ್ಬರೇ ಆಡೋಕೂ ಸರ್ವರ್ ಬೇಕಿದ್ದರಿಂದ ಕಾಸು ಕೊಟ್ಟವರ ಬಳಿ ಉಳಿದಿದ್ದು ಸೊನ್ನೆ. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನೋ ಗ್ರಾಹಕರ ಚಳವಳಿ ಹುಟ್ಟಿದ್ದು ಇದೇ ಸಿಟ್ಟಿನಿಂದ. ಅದೇ ವರ್ಷ ಅಕ್ಟೋಬರ್‌ನಿಂದ ಸ್ಟೀಮ್ ಅಂಗಡಿಯಲ್ಲಿ ದುಡ್ಡು ಕಟ್ಟೋ ಪುಟದಲ್ಲಿ ಒಂದು ಸಾಲು ಕಾಣಿಸುತ್ತೆ: ನೀವು ಪಡೀತಿರೋದು ಲೈಸೆನ್ಸ್ ಅಂತ. ಅಂದ್ರೆ ಬಳಸೋಕೆ ಅನುಮತಿ. ಗೇಮ್ ನಿಮ್ಮ ಸ್ವತ್ತಲ್ಲ.

ಮುಕ್ತ ಅಂದ್ರೆ ಏನು?

ನಿಮ್ಮ ಮನೆ ಬೈಕ್ ಯೋಚನೆ ಮಾಡಿ. ಎಲ್ಲಿಗೆ ಬೇಕಾದ್ರೂ ಓಡಿಸಬಹುದು. ಎಂಜಿನ್ ಬಿಚ್ಚಿ ನೋಡಬಹುದು. ಹ್ಯಾಂಡಲ್ ಬದಲಾಯಿಸಬಹುದು. ಯಾವ ಗ್ಯಾರೇಜಿಗಾದ್ರೂ ಬಿಡಬಹುದು. ಬಾನೆಟ್‌ಗೆ ಬೀಗ ಹಾಕಿ, ಕೀಲಿಯನ್ನು ಕಂಪನಿಯೇ ಇಟ್ಟುಕೊಂಡ ಕಾರನ್ನು ಯಾರಾದ್ರೂ ಕೊಳ್ತಾರಾ? ಸಾಫ್ಟ್‌ವೇರ್ ವಿಷಯದಲ್ಲಿ ಮಾತ್ರ ನಾವು ಅಂಥದ್ದಕ್ಕೆ ಒಗ್ಗಿಹೋಗಿದ್ದೀವಿ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದು ಈ ಬೀಗದ ವಿರುದ್ಧ. ಅವರ ಪ್ರಕಾರ ಮುಕ್ತ ತಂತ್ರಾಂಶಕ್ಕೆ ನಾಲ್ಕು ಸ್ವಾತಂತ್ರ್ಯ ಇರಬೇಕು: ಯಾವ ಉದ್ದೇಶಕ್ಕಾದರೂ ಬಳಸೋದು, ಒಳಗಿನ ಕೋಡ್ ನೋಡಿ ಬೇಕಾದಂತೆ ತಿದ್ದೋದು, ಪ್ರತಿ ಹಂಚೋದು, ತಿದ್ದಿದ ಪ್ರತಿಯನ್ನೂ ಹಂಚೋದು. ಈ ಪಟ್ಟಿಯಲ್ಲಿ ಬೆಲೆಯ ಮಾತೇ ಇಲ್ಲ. ಚಿತ್ರ ಬಿಡಿಸೋ ಕ್ರೀಟಾ ಮುಕ್ತ ತಂತ್ರಾಂಶ. ಅದರ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಸ್ಟೀಮ್‌ನಲ್ಲಿ ದುಡ್ಡಿಗೆ ಮಾರ್ತಾರೆ. ಆ ದುಡ್ಡು ಕ್ರೀಟಾ ಕೆಲಸಕ್ಕೇ ಹೋಗುತ್ತೆ. ಇದರಲ್ಲಿ ಯಾವ ವಿರೋಧಾಭಾಸವೂ ಇಲ್ಲ.

ಹಾಗಾದ್ರೆ ಕ್ರೀಟಾದಲ್ಲಿ ಬಿಡಿಸಿದ ಚಿತ್ರವನ್ನೂ ಎಲ್ಲರಿಗೂ ಬಿಟ್ಟುಕೊಡಬೇಕಾ? ಬೇಡ. ಮುಕ್ತವಾಗಿರೋದು ಕುಂಚ. ಚಿತ್ರ ನಿಮ್ಮದು, ನಿಮಗೆ ತೋಚಿದ ಬೆಲೆಗೆ ಮಾರಿ.

ಕಂಪನಿ ಮುಚ್ಚಿತು, ಬ್ಲೆಂಡರ್ ಉಳಿಯಿತು

ಈ ನಾಲ್ಕು ಸ್ವಾತಂತ್ರ್ಯದಿಂದ ಏನು ಲಾಭ ಅನ್ನೋದಕ್ಕೆ ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಒಳ್ಳೆ ಉದಾಹರಣೆ. ನೆದರ್‌ಲೆಂಡ್ಸ್‌ನ ಟಾನ್ ರೋಸೆಂಡಾಲ್ ಅದನ್ನು ಕಟ್ಟಿದವರು. 2002ರಲ್ಲಿ ಅವರ ಕಂಪನಿಯನ್ನು ಹೂಡಿಕೆದಾರರು ಮುಚ್ಚಿಬಿಟ್ಟರು. ಸಾಮಾನ್ಯವಾಗಿ ಸಾಫ್ಟ್‌ವೇರ್ ಕೂಡ ಅಲ್ಲಿಗೆ ಸಾಯುತ್ತೆ. ಆದರೆ 1,00,000 ಯೂರೋ ಕೊಟ್ಟರೆ ಕೋಡ್ ಬಿಡುಗಡೆ ಮಾಡಲು ಹೂಡಿಕೆದಾರರು ಒಪ್ಪಿದರು. ಬಳಕೆದಾರರು ಚಂದಾ ಎತ್ತಿ ಏಳೇ ವಾರದಲ್ಲಿ ಅಷ್ಟೂ ದುಡ್ಡು ಸೇರಿಸಿದರು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಮುಕ್ತವಾಯಿತು.

ಈಗ 2025ಕ್ಕೆ ಬನ್ನಿ. ಅತ್ಯುತ್ತಮ ಆ್ಯನಿಮೇಷನ್ ಚಿತ್ರ ಅಂತ ಆಸ್ಕರ್ ಗೆದ್ದಿದ್ದು ‘ಫ್ಲೋ’. ಪ್ರವಾಹದಲ್ಲಿ ಸಿಕ್ಕಿಕೊಂಡ ಒಂದು ಬೆಕ್ಕಿನ ಕಥೆ, ಮಾತೇ ಇಲ್ಲದ ಸಿನಿಮಾ. ಲ್ಯಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅದನ್ನು ಮಾಡಿದ್ದು ಬ್ಲೆಂಡರ್‌ನಲ್ಲಿ. ಆ ಸಲ ಸ್ಪರ್ಧೆಯಲ್ಲಿ ‘ಇನ್‌ಸೈಡ್ ಔಟ್ 2’ ಕೂಡ ಇತ್ತು.

ನಡುವಲ್ಲೇ ನಿಯಮ ಬದಲಾದರೆ?

ಗೇಮ್ ಮಾಡೋ ಸಾಧನಕ್ಕೆ ಗೇಮ್ ಎಂಜಿನ್ ಅಂತಾರೆ. ಅದರಲ್ಲಿ ಯೂನಿಟಿ ಬಹಳ ಜನಪ್ರಿಯ. 2023ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಹೊಸ ಶುಲ್ಕ ಪ್ರಕಟಿಸಿತು. ಇಷ್ಟು ಆದಾಯ, ಇಷ್ಟು ಇನ್‌ಸ್ಟಾಲ್ ದಾಟಿದ ಗೇಮ್‌ಗಳು ಆಮೇಲಿನ ಪ್ರತಿ ಇನ್‌ಸ್ಟಾಲ್‌ಗೂ ದುಡ್ಡು ಕಟ್ಟಬೇಕು, ಚಿಕ್ಕ ಪ್ಲಾನ್‌ನವರಿಗೆ 20 ಸೆಂಟ್‌ವರೆಗೆ. ಆಗಲೇ ಮಾರುಕಟ್ಟೆಗೆ ಬಂದಿದ್ದ ಗೇಮ್‌ಗಳನ್ನೂ ಇದರಲ್ಲಿ ಸೇರಿಸಿದ್ದರು. ನೀವು ಅಂಗಡಿ ತೆರೆದು ವ್ಯಾಪಾರ ಕುದುರಿದ ಮೇಲೆ, ಒಳಗೆ ಬರೋ ಪ್ರತಿ ಗಿರಾಕಿಗೂ ಇಷ್ಟು ಕೊಡು ಅಂತ ಕಟ್ಟಡದ ಓನರ್ ಕೇಳಿದ ಹಾಗೆ! ಗಲಾಟೆ ಜೋರಾಗಿ ಕಂಪನಿ ಕ್ಷಮೆ ಕೇಳಿತು, ನಿಯಮ ಸಡಿಲಿಸಿತು, 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವನ್ನೇ ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ಜನ ಗೊಡೋ ಎಂಜಿನ್ ಕಡೆ ಮುಖ ಮಾಡಿದ್ದರು. ‘ಸ್ಲೇ ದ ಸ್ಪೈರ್ 2’ ಮಾಡಿದ ತಂಡ ಅವರಲ್ಲಿ ಒಂದು.

ಗೊಡೋ ಶುರುವಾಗಿದ್ದು ಅರ್ಜೆಂಟೀನಾದಲ್ಲಿ, ಮುಕ್ತವಾಗಿದ್ದು 2014ರಲ್ಲಿ. ಮಾಡಿದ ಗೇಮ್‌ಗೆ ರಾಯಲ್ಟಿ ಇಲ್ಲ. ನಾಳೆ ತಂಡ ಯಡವಟ್ಟು ಮಾಡಿದರೂ ನಿಮ್ಮ ಕೈಲಿರೋ ಪ್ರತಿಗೆ ಕೊಟ್ಟ ಹಕ್ಕನ್ನು ವಾಪಸ್ ಕಿತ್ತುಕೊಳ್ಳೋಕೆ ಆಗಲ್ಲ.

ಒತ್ತಕ್ಷರದ ಪ್ರಶ್ನೆ

ಇದರಲ್ಲಿ ಕನ್ನಡಕ್ಕೇನು ಸಂಬಂಧ ಅಂದ್ರಾ? ‘ರಾಷ್ಟ್ರ’ ಅನ್ನೋ ಪದದ ಕೊನೆ ಅಕ್ಷರ ನೋಡಿ. ಕಂಪ್ಯೂಟರ್ ಒಳಗೆ ಅದು ಐದು ಸಂಕೇತಗಳ ಸಾಲು: ಷ, ವಿರಾಮ ಚಿಹ್ನೆ, ಟ, ಮತ್ತೆ ವಿರಾಮ ಚಿಹ್ನೆ, ರ. ಅವನ್ನು ಜೋಡಿಸಿ, ಒತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸೋಕೆ ಬೇರೆಯೇ ಸಾಫ್ಟ್‌ವೇರ್ ಬೇಕು. ಅಂಥದ್ದೊಂದು ಹಾರ್ಫ್‌ಬಝ್. ಅದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಅದನ್ನೇ ಬಳಸುತ್ತವೆ. ನೀವು ಈ ಬರಹವನ್ನು ಆಂಡ್ರಾಯ್ಡ್ ಫೋನಲ್ಲಿ ಓದ್ತಿದ್ರೆ ಒತ್ತು ನೆಟ್ಟಗೆ ಕಾಣೋದು ಅದರಿಂದಲೇ.

ಗೊಡೋದ ಹಳೆ ಆವೃತ್ತಿಗಳಲ್ಲಿ ಕನ್ನಡ ಹಾಕಿದರೆ ಒತ್ತುಗಳು ಚೆಲ್ಲಾಪಿಲ್ಲಿ. 2023ರ ಮಾರ್ಚ್‌ನಲ್ಲಿ ಬಂದ ಗೊಡೋ 4.0ಗೆ ಹಾರ್ಫ್‌ಬಝ್ ಸೇರಿಸಿದರು. ಅರಬಿ, ಹಿಂದಿ ಜೊತೆಗೆ ಕನ್ನಡಕ್ಕೂ ದಾರಿ ಆಯಿತು. ಮುಚ್ಚಿದ ಸಾಫ್ಟ್‌ವೇರ್‌ನಲ್ಲಿ ಕನ್ನಡ ಸರಿ ಬರದಿದ್ದರೆ ಕಂಪನಿಗೆ ಮೇಲ್ ಹಾಕಿ ಕಾಯಬೇಕು. ನಮ್ಮ ಭಾಷೆಯ ಮಾರುಕಟ್ಟೆ ಅವರ ಕಣ್ಣಿಗೆ ಚಿಕ್ಕದು ಅನ್ನಿಸಿದ್ರೆ ಕಾಯ್ತಾನೇ ಇರಬೇಕು. ಇಲ್ಲಿ, ಕೆಲಸ ಗೊತ್ತಿರೋ ಒಬ್ಬರು ಕೂತು ತಿದ್ದಿದ್ರೂ ಸಾಕು, ಎಲ್ಲರಿಗೂ ಸಿಗುತ್ತೆ.

ಎಲ್ಲವೂ ಚೆನ್ನಾಗಿದೆಯಾ? ಇಲ್ಲ

ಪ್ರಿಂಟಿಂಗ್ ಪ್ರೆಸ್‌ನವರು ತಮಗೆ ರೂಢಿಯಿರೋ ಸಾಫ್ಟ್‌ವೇರ್‌ನ ಫೈಲನ್ನೇ ಕೇಳ್ತಾರೆ. ಕೆಲಸದ ಜಾಹೀರಾತಿನಲ್ಲೂ ಅದೇ ಹೆಸರು ಇರುತ್ತೆ. ಕನ್ನಡದಲ್ಲಿ ಹೇಳಿಕೊಡೋ ವಿಡಿಯೋಗಳು ಕಡಿಮೆ. ಲಿನಕ್ಸ್‌ನಲ್ಲಿ ವ್ಯಾಲೊರಂಟ್ ಓಡಲ್ಲ. ಇನ್ನು ದುಡ್ಡಿನ ಮಾತು: ಕೋಡ್ ಬರೆಯೋರಿಗೂ ಮನೆ ಬಾಡಿಗೆ ಇದೆ. 2019ರಲ್ಲಿ ಫೋರ್ಟ್‌ನೈಟ್ ಮಾಡಿದ ಎಪಿಕ್ ಗೇಮ್ಸ್ ಬ್ಲೆಂಡರ್‌ಗೆ 12 ಲಕ್ಷ ಡಾಲರ್ ಘೋಷಿಸಿತು. ಅಂಥ ನೆರವು, ಜೊತೆಗೆ ಸಾಮಾನ್ಯ ಬಳಕೆದಾರರ ಚಂದಾ, ಇವೆರಡರಿಂದಲೇ ಗಾಡಿ ಓಡ್ತಿದೆ. ಪುಕ್ಕಟೆ ಬಳಸಿದವರೆಲ್ಲ ಪುಕ್ಕಟೆಯಾಗೇ ಉಳಿದರೆ ಅದೂ ಒಂದು ದಿನ ನಿಲ್ಲುತ್ತೆ.

ನನ್ನ ಲೆಕ್ಕಾಚಾರ

ಕಾಮರ್ಸ್ ಓದಿದವರಿಗೆ ಗೊತ್ತು, ಖರ್ಚು ಬೇರೆ, ಆಸ್ತಿ ಬೇರೆ. ಸಂಜೆ ಒಂದು ಗಂಟೆ ಗೇಮ್ ಆಡೋದು ಸಿನಿಮಾ ಟಿಕೆಟ್ ಇದ್ದ ಹಾಗೆ, ಖರ್ಚು. ಅದು ಮುಚ್ಚಿದ ಗೇಮ್ ಆದ್ರೂ ಪರವಾಗಿಲ್ಲ, ನಾನೂ ಆಡ್ತೀನಿ. ಆದರೆ ಮೂರು ವರ್ಷ ಕೂತು ಬಿಡಿಸಿದ ಚಿತ್ರಗಳು, ಮಾಡ್ತಿರೋ ಗೇಮ್, ಕಲಿತ ಕೈಚಳಕ ಆಸ್ತಿ. ಆಸ್ತಿಯನ್ನು, ಓನರ್ ಯಾವಾಗ ಬೇಕಾದ್ರೂ ಬೀಗ ಬದಲಾಯಿಸಬಹುದಾದ ಮನೆಯಲ್ಲಿ ಇಡಬೇಡಿ. ಕ್ರ್ಯಾಕ್ ಮಾಡಿದ ಪ್ರತಿ ಇದಕ್ಕೆ ಪರಿಹಾರ ಅಲ್ಲ. ಅದು ಪುಕ್ಕಟೆಯೇ ಹೊರತು ಮುಕ್ತ ಅಲ್ಲ, ಜೊತೆಗೆ ವೈರಸ್ ಬೋನಸ್.

ಫೋನ್ ಒಂದೇ ಇದ್ದರೂ ಶುರು ಮಾಡಬಹುದು. ಗೊಡೋ ಎಡಿಟರ್ ಪ್ಲೇ ಸ್ಟೋರ್‌ನಲ್ಲಿದೆ. ಸೂಪರ್‌ಟಕ್ಸ್‌ಕಾರ್ಟ್, ಮೈಂಡಸ್ಟ್ರಿ ಮುಕ್ತ ಗೇಮ್‌ಗಳು, ಆಂಡ್ರಾಯ್ಡ್‌ನಲ್ಲಿ ಓಡ್ತವೆ. ಎಫ್-ಡ್ರಾಯ್ಡ್ ಅನ್ನೋ ಆ್ಯಪ್ ಅಂಗಡಿಯಲ್ಲಿ ಇಂಥವೇ ಸಿಗೋದು. ಕ್ರೀಟಾಗೆ ಮಾತ್ರ ದೊಡ್ಡ ಟ್ಯಾಬ್ಲೆಟ್ ಅಥವಾ ಕಂಪ್ಯೂಟರ್ ಬೇಕು.

ಈ ವಾರ ಒಂದೇ ಕೆಲಸ ಮಾಡಿ. ನೀವು ಚಿತ್ರ ಬಿಡಿಸೋ ಆ್ಯಪ್ ತೆರೆದು ಎಕ್ಸ್‌ಪೋರ್ಟ್ ಬಟನ್ ಹುಡುಕಿ. ಮುಖ್ಯವಾದ ಚಿತ್ರಗಳ ಪಿಎನ್‌ಜಿ ಪ್ರತಿಯನ್ನಾದರೂ ತೆಗೆದು, ಬೇರೆ ಆ್ಯಪ್‌ನಲ್ಲಿ ತೆರೆಯುತ್ತಾ ಅಂತ ನೋಡಿ. ತೆರೆದರೆ ಸಂತೋಷ. ಎಕ್ಸ್‌ಪೋರ್ಟ್‌ಗೇ ದುಡ್ಡು ಕೇಳಿದರೆ ಆ ಆ್ಯಪ್ ಎಂಥ ಫ್ರೀ ಅಂತ ನಿಮಗೇ ಗೊತ್ತಾಗುತ್ತೆ. ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ.