ಕಂಪ್ಯೂಟರಿಗೂ ಒಬ್ಬ ದುಭಾಷಿ ಬೇಕು

ನಮ್ಮ ಮಡಕಶಿರಾ ಸೀಮೆಯಲ್ಲಿ ಲಗ್ನಪತ್ರಿಕೆಗೆ ಎರಡು ಮುಖ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ಹೆಣ್ಣು ಪಾವಗಡದ ಕಡೆಯವಳು, ಗಂಡು ಹಿಂದೂಪುರದವನು ಅಂದಮೇಲೆ ಎರಡೂ ಬೇಕೇ ಬೇಕಲ್ಲ! ಅಂಥ ಪತ್ರಿಕೆ ಮಾಡಿಕೊಡುವ ಒಂದು ಸಣ್ಣ ಡಿಟಿಪಿ ಅಂಗಡಿಯ ಸಂಗತಿ ಇದು. ನನ್ನ ಪದ್ಯಗಳೂ ಅಲ್ಲೇ ಟೈಪಾಗುವುದರಿಂದ ಆ ಎರಡು ದಿನ ನಾನೂ ಅಲ್ಲೇ ಕೂತಿದ್ದೆ.

ಅಂಗಡಿಯ ಕಂಪ್ಯೂಟರು ಹಳೆಯದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯ್ತು. ವಿಂಡೋಸ್ 11 ಆ ಯಂತ್ರಕ್ಕೆ ಒಗ್ಗದು. ಹೊಸದು ಕೊಳ್ಳೋಣ ಅಂದರೆ ಗಲ್ಲಾಪೆಟ್ಟಿಗೆ ಒಪ್ಪದು. ಡಿಪ್ಲೊಮಾ ಓದುತ್ತಿರುವ ಮಾಲೀಕರ ಮಗ ಲೈನಕ್ಸ್ ಹಾಕಿದ. ಅದು ಪುಕ್ಕಟೆ, ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಿ ತಿದ್ದಬಹುದು.

ಹಾಕಿದ್ದೇನೋ ಆಯ್ತು, ಪರದೆ ಮಾತ್ರ ಹಾಳಾಯ್ತು. ಅಕ್ಷರಗಳೆಲ್ಲ ಊದಿಕೊಂಡು ಮಸುಕು ಮಸುಕು. 'ಪ' ಯಾವುದು 'ಷ' ಯಾವುದು ತಿಳಿಯದು, ಒತ್ತಕ್ಷರ ಕಾಣದು. ಹನ್ನೆರಡು ಮದುವೆಯ ಪತ್ರಿಕೆ ಬಾಕಿ. 'ಪುಷ್ಪ' ಎಂಬ ಮದುಮಗಳ ಹೆಸರು ತಪ್ಪಾಗಿ ಅಚ್ಚಾದರೆ ಬೀಗರ ಮುಂದೆ ಯಾರು ನಿಲ್ಲುತ್ತಾರೆ?

ನಡುವೆ ನಿಂತವನು ಇಲ್ಲ

"ದೊಡ್ಡಪ್ಪ, ಡ್ರೈವರ್ ಕೂತಿಲ್ಲ" ಅಂದ ಹುಡುಗ. ಲಾರಿ ಡ್ರೈವರು ಗೊತ್ತು, ಇದ್ಯಾವುದಪ್ಪ ಅಂತ ಕೇಳಿದೆ. ಪರದೆಯ ಮೇಲೆ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಅದರ ಭಾಷೆ ಬೇರೆ, ಲೈನಕ್ಸ್ ಭಾಷೆ ಬೇರೆ. ನಡುವೆ ನಿಂತು ಇವನ ಮಾತು ಅವನಿಗೆ ಹೇಳುವವನೇ ಡ್ರೈವರ್. ಗಡಿಯವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಸಂತೆಯಲ್ಲಿ ಹುಣಸೆಹಣ್ಣು ಮಾರುವ ಕನ್ನಡದವನಿಗೂ ಕೊಳ್ಳುವ ತೆಲುಗಿನವನಿಗೂ ನಾವು ಮಾಡುವ ಕೆಲಸವೇ ಅದು.

ಎನ್‌ವಿಡಿಯಾ ಕಂಪನಿ ತನ್ನ ಕಾರ್ಡಿಗೆ ತಾನೇ ದುಭಾಷಿಯನ್ನು ಕೊಡುತ್ತದೆ. ಆದರೆ ಬಹಳ ಕಾಲ ಅದರ ಗುಟ್ಟು ಹೊರಗೆ ಬಿಡಲಿಲ್ಲ. ಹಳೆಯ ಕಾರ್ಡುಗಳನ್ನು ಒಂದೊಂದಾಗಿ ಕೈಬಿಡುತ್ತಲೂ ಬಂತು. ಜಿಫೋರ್ಸ್ 210ರಂಥ ಕಾರ್ಡುಗಳನ್ನು ನೋಡಿಕೊಳ್ಳುತ್ತಿದ್ದ 340 ಸಾಲಿನ ಡ್ರೈವರಿಗೆ ಬೆಂಬಲ 2019ರ ಕೊನೆಗೇ ನಿಂತಿತು. ಲೈನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್‌ಲೆಂಡಿನ ಸಭೆಯೊಂದರಲ್ಲಿ ಈ ಕಂಪನಿಯನ್ನು ಬಹಿರಂಗವಾಗಿಯೇ ಬೈದಿದ್ದರು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರಿನ ಒಂದು ಭಾಗವನ್ನು ತೆರೆದಿಟ್ಟಿತು. ಅದೂ 2018ರ ಟ್ಯೂರಿಂಗ್ ಕಾರ್ಡು ಮತ್ತು ಅದರ ನಂತರದವುಗಳಿಗೆ ಮಾತ್ರ.

ಕೇಳಿ ಕಲಿತವರು

ಹಾಗಾದರೆ ಹಳೆಯ ಕಾರ್ಡಿನ ಗತಿ? ಇಲ್ಲೇ ಇದೆ ಸೊಗಸು. 2005ರಲ್ಲಿ ಸ್ಟೆಫಾನ್ ಮಾರ್ಶೆಸಾನ್ ಎಂಬುವರು 'ನೂವೋ' ಎಂಬ ಡ್ರೈವರ್ ಶುರುಮಾಡಿದರು. ಫ್ರೆಂಚಿನಲ್ಲಿ ಹಾಗೆಂದರೆ 'ಹೊಸದು'. ಪುಸ್ತಕವಿಲ್ಲ, ಮೇಷ್ಟರಿಲ್ಲ. ಒಂದು ಗೆರೆ ಎಳೆಸುವುದು. ಎಳೆಯುವ ಮುಂಚೆ, ಎಳೆದ ಮೇಲೆ ಕಾರ್ಡಿನೊಳಗೆ ಯಾವ ಅಂಕಿ ಬದಲಾಯಿತು ಅಂತ ನೋಡುವುದು. ಹೀಗೆ ಸಾವಿರ ಸಲ. ನಾವು ಸಂತೆಯಲ್ಲಿ ಕೇಳಿ ಕೇಳಿ ಎರಡನೇ ಭಾಷೆ ಕಲಿತೆವಲ್ಲ, ಹಾಗೆಯೇ. 2010ರ ಫೆಬ್ರುವರಿಯಲ್ಲಿ 2.6.33ನೇ ಆವೃತ್ತಿಯೊಂದಿಗೆ ಅದು ಲೈನಕ್ಸಿನ ಒಳಮನೆಗೇ ಸೇರಿತು. ಬೇರೆ ತಂದು ಹಾಕಬೇಕಾಗಿಲ್ಲ.

ಹಾಗಾದರೆ ಅಂಗಡಿಯಲ್ಲಿ ಯಾಕೆ ಕೆಲಸ ಮಾಡಲಿಲ್ಲ? ತಪ್ಪು ನಮ್ಮದೇ. ಹುಡುಗ ಮುಂಜಾಗ್ರತೆ ಅಂತ ಯಾರೋ ಹೇಳಿದ್ದು ಕೇಳಿ, ಕಂಪ್ಯೂಟರು ಶುರುವಾಗುವ ಸಾಲಿನಲ್ಲಿ 'ನೊಮೋಡ್‌ಸೆಟ್' ಎಂಬ ಪದ ಸೇರಿಸಿಬಿಟ್ಟಿದ್ದ. ಪರದೆ ಪೂರ್ತಿ ಕಪ್ಪಾದಾಗ ಒಳಗೆ ಹೋಗಲು ಅದು ಒಳ್ಳೆಯ ಕಳ್ಳಬಾಗಿಲು. ಆದರೆ ಅಲ್ಲೇ ಬಿಟ್ಟರೆ ನೂವೋ ಏಳುವುದಿಲ್ಲ. ಆಮೇಲೆ ಕಂಪನಿಯ ಹೊಸ ಡ್ರೈವರ್ ತಂದು ಹಾಕಿದ್ದ. ಅದು 'ಈ ಕಾರ್ಡು ಹಳೆಯದು, ನನ್ನದಲ್ಲ' ಅಂತ ಹಿಂದೆ ಸರಿಯಿತು. ಸರಿಯುವ ಮೊದಲು ನೂವೋವನ್ನು ತಡೆಯುವ ಒಂದು ಫೈಲು ಇಟ್ಟುಹೋಗಿತ್ತು. ಬಂದವನು ದುಡಿಯಲಿಲ್ಲ, ಇದ್ದವನನ್ನು ದುಡಿಯಲು ಬಿಡಲಿಲ್ಲ!

ಹುಡುಗ ಮೊದಲು ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿದ. ಗ್ರಬ್ ಫೈಲಿನಿಂದ ಆ ಪದ ಅಳಿಸಿ 'ಅಪ್‌ಡೇಟ್-ಗ್ರಬ್' ಆಜ್ಞೆ ಕೊಟ್ಟ. 'ಮಾಡ್‌ಪ್ರೋಬ್.ಡಿ' ಫೋಲ್ಡರಿನಲ್ಲಿದ್ದ ತಡೆ ಫೈಲನ್ನು ತೆಗೆದು 'ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್ -ಯು' ಕೊಟ್ಟ. (ಉಬುಂಟು, ಮಿಂಟ್‌ಗಳಲ್ಲಿ ಇವೇ ಆಜ್ಞೆಗಳು.) ಆರಿಸಿ ಹೊತ್ತಿಸಿದ. 'ಎಲ್ಎಸ್‌ಪಿಸಿಐ -ಕೆ' ಅಂತ ಕೇಳಿದಾಗ, ಕೆಲಸದಲ್ಲಿರುವ ಡ್ರೈವರ್ ನೂವೋ ಎಂಬ ಉತ್ತರ ಬಂತು. ಪರದೆ ತಿಳಿನೀರಿನಂತೆ. 'ಪುಷ್ಪ'ದ ಒತ್ತು ಸ್ಪಷ್ಟವಾಗಿ ಕಂಡಿತು. ಮಾಲೀಕರು ಟೀ ತರಿಸಿದರು.

ಎಲ್ಲಕ್ಕೂ ಇದೇ ಮದ್ದು ಅನ್ನಲಾರೆ. ನೂವೋದಲ್ಲಿ ಭಾರಿ ಆಟಗಳು ತೆವಳುತ್ತವೆ. 2014ರಲ್ಲಿ ಬಂದ ಜಿಟಿಎಕ್ಸ್ 900 ಸಾಲಿನ ಕಾರ್ಡುಗಳು ಕಂಪನಿಯ ಸಹಿಯಿಲ್ಲದ ಫರ್ಮ್‌ವೇರನ್ನು ಒಪ್ಪದ ಕಾರಣ ಪೂರ್ತಿ ವೇಗಕ್ಕೆ ಏರಲಾರವು. ಲೆಕ್ಕಪತ್ರಕ್ಕೆ, ಅಚ್ಚಿನ ಕೆಲಸಕ್ಕೆ ಅಡ್ಡಿಯಿಲ್ಲ. ಹಳೆಯ ಯಂತ್ರವಿರುವ ವ್ಯಾಪಾರಿಗಳಿಗೆ ನನ್ನ ಮಾತು ಇಷ್ಟು: ಮೊದಲು ಲೈನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಪರದೆ ಸರಿ ಬಂದರೆ ಆಮೇಲೆ ಹಾಕಿ. ಬರಲೇ ಇಲ್ಲ ಅಂದರೆ ಕಾರ್ಡು ಕಿತ್ತು, ಮದರ್‌ಬೋರ್ಡಿನಲ್ಲೇ ಪರದೆಯ ಕಿಂಡಿ ಇದ್ದರೆ ಅದಕ್ಕೆ ವೈರು ಸಿಕ್ಕಿಸಿ ನೋಡಿ.

ಹನ್ನೆರಡು ಮದುವೆಯ ಪತ್ರಿಕೆಗಳೂ ಹೊತ್ತಿಗೆ ಸರಿಯಾಗಿ ಹೋದವು, ಎರಡೂ ಭಾಷೆಯಲ್ಲಿ. ಯಾರೂ ಕಲಿಸದ ಭಾಷೆಯನ್ನು ಕೇಳಿಯೇ ಕಲಿತು ಊರಿಗೆಲ್ಲ ಹಂಚಿದ ಆ ಕಾಣದ ದುಭಾಷಿಗಳಿಗೂ ಒಂದು ಪತ್ರಿಕೆ ಕೊಡಬೇಕಿತ್ತು ಅನ್ನಿಸಿತು.