ಹಾಡು ಅವರದು, ಕೇಳೋದು ನಮ್ಮದು

"ವರ್ಷಿಪ್ ಮುಗೀತು, ಈಗ ವಾಕ್ಯ." ಹೊಸಪೇಟೆ ಕಡೆಯ ಹೊಸ ತಲೆಮಾರಿನ ಚರ್ಚುಗಳಲ್ಲಿ ಭಾನುವಾರ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ವರ್ಷಿಪ್ ಅಂದ್ರೆ ಇಲ್ಲಿ ಹಾಡು. ಅರ್ಧ ಗಂಟೆ ಗಿಟಾರು, ಕೀಬೋರ್ಡು, ಡ್ರಮ್ಸು. ಬೈಬಲ್ ಓದು, ಪ್ರಾರ್ಥನೆ, ಕಾಣಿಕೆ ಎಲ್ಲ ಬೇರೆ ಲೆಕ್ಕ. ನಮ್ಮಪ್ಪನ ತಲೆಮಾರಿಗೆ 'ಆರಾಧನೆ' ಅಂದ್ರೆ ಗಂಟೆ ಹೊಡೆದಲ್ಲಿಂದ ಕೊನೆಯ ಆಶೀರ್ವಾದದವರೆಗೆ ಇಡೀ ಬೆಳಗು. ಬೈಬಲಿನ ಹೀಬ್ರೂ ಮೂಲದಲ್ಲಿ ಆರಾಧನೆಗೆ ಹೆಚ್ಚಾಗಿ ಬರುವ ಪದದ ಅರ್ಥವಂತೂ ಅಡ್ಡಬೀಳೋದು. ಅದರಲ್ಲಿ ರಾಗವೂ ಇಲ್ಲ, ತಾಳವೂ ಇಲ್ಲ.

ಪದ ಚಿಕ್ಕದಾದಷ್ಟೂ ಜಗಳ ದೊಡ್ಡದಾಗಿದೆ. ಹಾಡೇ ಆರಾಧನೆ ಅಂತಾದ ಮೇಲೆ ಹಾಡಿನ ಶೈಲಿ ಬದಲಿಸಿದರೆ ದೇವರನ್ನೇ ಬದಲಿಸಿದ ಹಾಗೆ ಕಾಣುತ್ತೆ. ಹಿರಿಯರು "ಇದೇನು ಡಿಸ್ಕೋ?" ಅಂತಾರೆ. ಹುಡುಗರು "ನಿಮ್ಮದು ಸಾವಿನ ಮನೆ ಹಾಡು" ಅಂತಾರೆ. ತಿಂಗಳಿಗೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಂದ ಊರಿಗೆ ಬರುವ ನನಗೆ ಎರಡೂ ಪಾರ್ಟಿ ಮನೆಯಲ್ಲೇ ಸಿಗುತ್ತವೆ. ತಂಗಿ ಕೀಬೋರ್ಡ್ ನುಡಿಸುತ್ತಾಳೆ. ಅಮ್ಮ ಎರಡು ವರ್ಷದಿಂದ ಚರ್ಚಿನಲ್ಲಿ ಬಾಯಿ ಬಿಟ್ಟು ಹಾಡಿಲ್ಲ. ಯಾಕಮ್ಮಾ ಅಂದರೆ, "ಹಾಡು ಚಂದ ಐತಿ. ಆದ್ರ ಅದು ಅವರು ಹಾಡಾಕ, ನಾವು ಕೇಳಾಕ" ಅಂದಳು.

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ಅಮ್ಮನ ತಕರಾರು ಗಿಟಾರಿನ ಮೇಲೆ ಅಲ್ಲವೇ ಅಲ್ಲ.

ವಾದ್ಯದ ವಿಷಯಕ್ಕೆ ಬಂದರೆ, ಗಿಟಾರು ವಿದೇಶಿ ಅನ್ನೋರು ಹಾರ್ಮೋನಿಯಂ ಕಡೆ ಒಮ್ಮೆ ನೋಡಬೇಕು. ಯುರೋಪಿನಲ್ಲಿ ಹುಟ್ಟಿ 19ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪೆಟ್ಟಿಗೆ ಅದು. ಅದು ಭಾರತೀಯ ಸಂಗೀತಕ್ಕೆ ಹೊಂದಲ್ಲ ಅಂತ ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಈಗ ಭಜನೆಗೂ ಅದೇ, ಚರ್ಚಿಗೂ ಅದೇ. ಇನ್ನೊಂದು ತಲೆಮಾರು ಕಳೆದರೆ ಗಿಟಾರೂ ನಮ್ಮದೇ ಆಗುತ್ತೆ ಬಿಡಿ.

ನಿಜವಾದ ತೊಡಕು ಭಾಷೆಯಲ್ಲಿದೆ. ಇಂಗ್ಲಿಷ್ ಟ್ಯೂನು ಎಲ್ಲಿ ಬೇಕೋ ಅಲ್ಲಿ ಸ್ವರ ಎಳೆಯುತ್ತೆ. ಇಂಗ್ಲಿಷಿಗೆ ಅದರಿಂದ ದೊಡ್ಡ ನಷ್ಟ ಇಲ್ಲ. ಕನ್ನಡದಲ್ಲಿ ಹ್ರಸ್ವ ಎಳೆದರೆ ಪದವೇ ಬೇರೆ. 'ದಿನ' ಎಳೆದರೆ 'ದೀನ', 'ಮನ' ಎಳೆದರೆ 'ಮಾನ'. ಪರದೆ ಮೇಲೆ 'ಪ್ರತಿ ದಿನ' ಅಂತ ಇರುತ್ತೆ, ಕಿವಿಗೆ ಬೀಳೋದು 'ಪ್ರತಿ ದೀನ'. ತೆಲುಗಿನಿಂದ ಬಂದ ಹಾಡು ಇಷ್ಟು ಕಾಡಲ್ಲ, ಅಲ್ಲೂ ಲಘು-ಗುರುವಿನ ಲೆಕ್ಕ ನಮ್ಮದರಂತೆಯೇ. ಸಂಡೂರಿನ ಗಣಿ ಕಡೆ ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ತಮಿಳು ಮನೆಮಾತಿನವರು ಕೂತು ಒಂದೇ ಟ್ಯೂನಿಗೆ ತಮ್ಮ ತಮ್ಮ ಸಾಹಿತ್ಯ ಹಾಡಿದ್ದನ್ನು ಕೇಳಿದ್ದೀನಿ. ಯಾರ ನಾಲಿಗೆಯೂ ತೊಡರಲಿಲ್ಲ.

ಇದು ಮೊದಲೇ ಹೊಳೆದವರಿದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಆದರೆ ಓದೋ ಕನ್ನಡ ಬೇರೆ, ಹಾಡೋ ಕನ್ನಡ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಪಾದ್ರಿಗೆ ದಾಸರ ಪದ ಯಾಕೆ ಅಂತೀರಾ? ಈ ನಾಡಿನ ಭಕ್ತಿ ಯಾವ ಲಯದಲ್ಲಿ ಉಸಿರಾಡುತ್ತೆ ಅಂತ ತಿಳಿಯೋಕೆ ಅದಕ್ಕಿಂತ ಒಳ್ಳೆಯ ಪಠ್ಯ ಎಲ್ಲಿತ್ತು? ಅದೇ ಮಿಷನ್ನಿನ ಕಿಟೆಲ್, ಹೌದು, ನಿಘಂಟಿನ ಕಿಟೆಲ್ಲೇ, 1862ರಲ್ಲಿ 'ಕಥಾಮಾಲೆ' ಬರೆದು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೇ ಕೂರಿಸಿದರು. ಆಮೇಲೆ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಪರದೇಶದವರು ಮಾತ್ರೆ ಎಣಿಸಿದರು, ನಾವು ಯೂಟ್ಯೂಬ್ ಟ್ಯೂನಿಗೆ ಪದ ತುರುಕುತ್ತಿದ್ದೀವಿ.

ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಸಂಗೀತ ಕಂಬ ನೋಡಿ ವಾಪಸ್ ಬರುವವರು ಹೊಳೆ ದಂಡೆಯ ಪುರಂದರ ಮಂಟಪವನ್ನೂ ನೋಡಿರ್ತೀರಿ. ದಾಸರ ಪದದ ಗುಟ್ಟು ಅದರ ಪಲ್ಲವಿ. ಚರಣ ಗೊತ್ತಿಲ್ಲದವರೂ ಪಲ್ಲವಿಗೆ ದನಿಗೂಡಿಸಬಹುದು, ಓದು ಬಾರದಿದ್ದರೂ ಆದೀತು. ಕಂಪ್ಲಿಯಲ್ಲಿ ನನ್ನ ಸೋದರಮಾವನ ಮನೆಯ ಪ್ರಾರ್ಥನಾ ಕೂಟಕ್ಕೆ ಭತ್ತದ ಗದ್ದೆ ಕೆಲಸ ಮುಗಿಸಿ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನರಿಗೆ ಅಕ್ಷರ ಬಾರದು. ಪ್ರೊಜೆಕ್ಟರ್ ಇಟ್ಟರೆ ಅವರು ಹೊರಗಿನವರಾಗಿಬಿಡುತ್ತಾರೆ. ಅಲ್ಲಿ ಒಬ್ಬಳು ಒಂದು ಸಾಲು ಎತ್ತುತ್ತಾಳೆ, ಉಳಿದವರು ಅದನ್ನೇ ಹಿಡಿಯುತ್ತಾರೆ. ಒಂದು ತಾಳ, ಒಂದು ಕಂಜೀರ. ಸದ್ದು ಓಣಿ ತುದಿವರೆಗೆ ಕೇಳುತ್ತೆ!

ಕಥೋಲಿಕ ಸಭೆಯಲ್ಲೂ 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಸಮ್ಮೇಳನ ಜನರ ಭಾಷೆಗೆ ಬಾಗಿಲು ತೆರೆದಾಗ ಮುಖ್ಯವಾಗಿ ಕೇಳಿದ್ದು ಇದನ್ನೇ: ಜನ ನೋಡುತ್ತಾ ಕೂರೋದಲ್ಲ, ತಿಳಿದು, ಪೂರ್ತಿಯಾಗಿ ಪಾಲ್ಗೊಳ್ಳಬೇಕು. ನನಗೆ ಅಳತೆಗೋಲು ಇಷ್ಟೇ. ಬೆಂಚಿನ ಸಾಲಿನಿಂದ ಸದ್ದು ಬರುತ್ತಿದ್ದರೆ ರಾಕ್ ಆದರೂ ಸರಿ, ಭಜನೆಯಾದರೂ ಸರಿ. ಬರದಿದ್ದರೆ ಅದು ಕಚೇರಿ. ಕಚೇರಿಯೂ ಚೆನ್ನಾಗಿರುತ್ತೆ, ಆದರೆ ಅದಕ್ಕೆ ಟಿಕೆಟ್ ಇಟ್ಟರೆ ವಾಸಿ.

ಕಳೆದ ಸಲ ಊರಿಗೆ ಹೋದಾಗ ತಂಗಿಯ ಜೊತೆ ಕೂತು ಹಾಡಿನ ಪಟ್ಟಿ ತೆಗೆಸಿದೆ. ಎಲ್ಲವೂ ರೆಕಾರ್ಡಿಂಗಿನ ಶ್ರುತಿಯಲ್ಲೇ ಇದ್ದವು, ಅಂದ್ರೆ ಪಳಗಿದ ಗಾಯಕರು ಏರಿಸಿ ಹಾಡಿದ ಶ್ರುತಿ. ಅರವತ್ತು ದಾಟಿದವರ ಗಂಟಲಿಗೆ ಮೇಲಿನ ಸ್ವರ ಸಿಗೋದೇ ಇಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಬಟನ್ ಇದೆ. ಮೂರು ಸಲ ಕೆಳಕ್ಕೆ ಒತ್ತಿದರೆ ಹಾಡು ಒಂದೂವರೆ ಸ್ವರ ಇಳಿಯುತ್ತೆ. ಮಾತಾಡಿ ಮಾತಾಡಿ, ವಾರಕ್ಕೆ ಒಂದು ಹಾಡು ಶ್ರುತಿ ಇಳಿಸಿ, ಮೈಕ್ ಆಫ್ ಮಾಡಿ ಹಾಡೋದು ಅಂತ ಯೂಥ್ ಗ್ರೂಪಿನವರು ಒಪ್ಪಿದರು.

ಮೊದಲ ವಾರ ಅಮ್ಮ ಗುನುಗಿದಳಂತೆ. ಎರಡನೇ ವಾರ ಪಲ್ಲವಿಯನ್ನು ಎಲ್ಲರಿಗಿಂತ ಮೊದಲೇ ಎತ್ತಿಕೊಂಡು ತಾಳ ತಪ್ಪಿಸಿದಳು ಅಂತ ಡ್ರಮ್ಸ್ ಹುಡುಗ ನನಗೆ ವಾಟ್ಸಾಪಿನಲ್ಲಿ ದೂರು ಕಳಿಸಿದ್ದಾನೆ.